ಒಂದೇ ಕೋಡ್, ಮೂರು ತೀರ್ಪು: ಆಪರೇಟಿಂಗ್ ಸಿಸ್ಟಂ ಬದಲಾದಾಗ ಓವರ್‌ಲೋಡ್ ಗೊಂದಲ

ಸಿ++ ಭಾಷೆಯಲ್ಲಿ ಒಂದೇ ಹೆಸರಿನ ಹಲವು ಫಂಕ್ಷನ್‌ಗಳನ್ನು ಬರೆಯಬಹುದು. ಕರೆಯುವಾಗ ಕೊಟ್ಟ ಆರ್ಗ್ಯುಮೆಂಟಿನ ಟೈಪ್ ನೋಡಿ ಅವುಗಳಲ್ಲಿ ಯಾವುದು ಎಂಬುದನ್ನು ಕಂಪೈಲರ್ ಗೊತ್ತುಮಾಡುತ್ತದೆ. ಇದೇ ಫಂಕ್ಷನ್ ಓವರ್‌ಲೋಡಿಂಗ್. ಲಿನಕ್ಸ್‌ನಲ್ಲಿ ವರ್ಷಗಟ್ಟಲೆ ತಕರಾರಿಲ್ಲದೆ ಕಂಪೈಲ್ ಆಗುತ್ತಿದ್ದ ಕೋಡನ್ನು ವಿಂಡೋಸಿಗೋ ಮ್ಯಾಕ್‌ಗೋ ಪೋರ್ಟ್ ಮಾಡಲು ಹೊರಟಾಗ, ಒಂದಕ್ಷರವೂ ಬದಲಾಗದಿದ್ದರೂ ‘ಕರೆ ಅಂಬಿಗ್ಯುಯಸ್ ಆಗಿದೆ’ ಎಂಬ ಎರರ್ ಸಾಲುಗಟ್ಟಿ ಬರುವುದುಂಟು. ಹೊಸ ಕಂಪೈಲರ್‌ನಲ್ಲೇ ಏನೋ ದೋಷವಿದೆ ಎಂಬ ಅನುಮಾನ ಮೊದಲು ಹುಟ್ಟುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಅದು ತಪ್ಪು. ಕರೆ ಮೊದಲಿನಿಂದಲೂ ಅರೆಬರೆಯಾಗಿಯೇ ಇತ್ತು. ಹಳೆಯ ಸಿಸ್ಟಂನಲ್ಲಿ ಟೈಪ್‌ಗಳು ಆಕಸ್ಮಿಕವಾಗಿ ಹೊಂದಿಕೊಂಡಿದ್ದರಿಂದ ಅದು ಕಾಣದೆ ಉಳಿದಿತ್ತು.

ಬ್ಯಾರ್ನೆ ಸ್ಟ್ರೌಸ್ಟ್ರಪ್ 1979ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಆರಂಭಿಸಿದ ಕೆಲಸವೇ ಮುಂದೆ ಸಿ++ ಆಯಿತು. 1985ರಲ್ಲಿ ಹೊರಬಂದ ಮೊದಲ ಆವೃತ್ತಿಯಲ್ಲಿ, ಒಂದು ಹೆಸರನ್ನು ಹಲವು ಫಂಕ್ಷನ್‌ಗಳಿಗೆ ಬಳಸಬೇಕಾದರೆ ‘ಓವರ್‌ಲೋಡ್’ ಎಂಬ ಕೀವರ್ಡ್ ಬರೆದು ಮೊದಲೇ ಘೋಷಿಸಬೇಕಿತ್ತು. 1989ರ 2.0 ಆವೃತ್ತಿಯಲ್ಲಿ ಆ ಕಟ್ಟುಪಾಡು ಹೋಯಿತು. ಅಲ್ಲಿಂದೀಚೆಗೆ ಎರಡು ಬೇರೆ ಬೇರೆ ಹೆಡರ್ ಫೈಲ್‌ಗಳಲ್ಲಿ, ಇಬ್ಬರು ಬೇರೆ ಬೇರೆ ಲೇಖಕರು ಒಂದೇ ಹೆಸರಿಟ್ಟರೂ ಅವು ತಾವಾಗಿಯೇ ಒಂದೇ ಗುಂಪಿಗೆ ಸೇರಬಲ್ಲವು. ಅನುಕೂಲ ದೊಡ್ಡದು, ಆದರೆ ಈ ಲೇಖನದ ಅರ್ಧ ತೊಂದರೆಗಳ ಬೇರೂ ಅಲ್ಲೇ ಇದೆ.

ಕಂಪೈಲರ್ ಆಯ್ಕೆ ಮಾಡುವ ಕ್ರಮ ಹೀಗಿದೆ. ಆರ್ಗ್ಯುಮೆಂಟಿನ ಟೈಪ್‌ಗೆ ತದ್ವತ್ತಾಗಿ ಹೊಂದುವ ಫಂಕ್ಷನ್‌ಗೆ ಮೊದಲ ಸ್ಥಾನ. ಅದಿಲ್ಲದಿದ್ದರೆ ಪ್ರಮೋಷನ್‌ನಿಂದ ಹೊಂದುವುದಕ್ಕೆ ಎರಡನೆಯದು. ಚಾರ್, ಶಾರ್ಟ್‌ಗಳು ಇಂಟ್ ಆಗುವುದು, ಫ್ಲೋಟ್ ಡಬಲ್ ಆಗುವುದು ಪ್ರಮೋಷನ್. ಮೂರನೆಯದು ಸಾಮಾನ್ಯ ಕನ್ವರ್ಷನ್, ಅದರ ನಂತರ ಪ್ರೋಗ್ರಾಮರ್ ತಾನೇ ಬರೆದ ಕನ್ವರ್ಷನ್. ಒಂದೇ ದರ್ಜೆಯಲ್ಲಿ ಇಬ್ಬರು ಸರಿಸಮನಾಗಿ ನಿಂತರೆ ಕಂಪೈಲರ್ ಊಹಿಸಲು ಹೋಗುವುದಿಲ್ಲ, ಎರರ್ ಕೊಡುತ್ತದೆ. ಇದರಲ್ಲಿ ಹಲವರಿಗೆ ತಿಳಿಯದ ಒಂದು ಸೂಕ್ಷ್ಮವಿದೆ. ಇಂಟ್ ಲಾಂಗ್ ಆಗುವುದು ಪ್ರಮೋಷನ್ ಅಲ್ಲ, ಬರೀ ಕನ್ವರ್ಷನ್. ಲಾಂಗ್ ಇಂಟ್ ಆಗುವುದೂ, ಲಾಂಗ್ ಡಬಲ್ ಆಗುವುದೂ ಅದೇ ದರ್ಜೆಯವು. ‘ಚಿಕ್ಕದು ದೊಡ್ಡದಕ್ಕೆ ಹೋಗುವುದೇ ಸಹಜವಲ್ಲವೇ’ ಎಂಬ ವಾದವನ್ನು ಭಾಷೆ ಒಪ್ಪುವುದಿಲ್ಲ. ಎಷ್ಟು ಬಿಟ್ ಎಂಬುದನ್ನು ಅದು ಈ ಹಂತದಲ್ಲಿ ನೋಡುವುದೇ ಇಲ್ಲ.

ವಿಂಡೋಸಿನಲ್ಲಿ ಇಂಟ್ ಮತ್ತು ಲಾಂಗ್ ಎರಡೂ 32 ಬಿಟ್‌ನವು. 64 ಬಿಟ್ ಲಿನಕ್ಸ್‌ನಲ್ಲಿ ಲಾಂಗ್ ಮತ್ತು ಲಾಂಗ್ ಲಾಂಗ್ ಎರಡೂ 64 ಬಿಟ್‌ನವು. ಅಳತೆ ಒಂದೇ ಆದರೂ ಟೈಪ್‌ಗಳು ಬೇರೆ ಎಂದೇ ಲೆಕ್ಕ. 64 ಬಿಟ್ ಯಂತ್ರಗಳು ಬಂದಾಗ ಯುನಿಕ್ಸ್ ಬಳಗ ಲಾಂಗ್ ಮತ್ತು ಪಾಯಿಂಟರ್ ಎರಡನ್ನೂ 64 ಬಿಟ್‌ಗೆ ಹಿಗ್ಗಿಸಿತು. ಮೈಕ್ರೋಸಾಫ್ಟ್ ಲಾಂಗನ್ನು 32ರಲ್ಲೇ ಉಳಿಸಿ ಪಾಯಿಂಟರನ್ನು ಮಾತ್ರ ಹಿಗ್ಗಿಸಿತು. ಲಾಂಗ್ ಎಂದರೆ 32 ಬಿಟ್ ಎಂದು ನಂಬಿ ಬರೆದ ಅಪಾರ ಕೋಡ್ ಮತ್ತು ಫೈಲ್ ರಚನೆಗಳು ಮುರಿಯಬಾರದೆಂಬ ಎಚ್ಚರ ಅದರ ಹಿಂದಿತ್ತು. ಮೊದಲ ಏರ್ಪಾಟಿಗೆ ಎಲ್‌ಪಿ64 ಎಂದೂ ಎರಡನೆಯದಕ್ಕೆ ಎಲ್‌ಎಲ್‌ಪಿ64 ಎಂದೂ ಹೆಸರು.

ಈ ಒಡಕಿನಿಂದ ಪ್ರೋಗ್ರಾಮರನ್ನು ಕಾಪಾಡಲೆಂದು ಬಂದ ಅಡ್ಡಹೆಸರುಗಳೇ ಗೊಂದಲವನ್ನು ಮುಂದಕ್ಕೆ ಸಾಗಿಸಿದವು. 64 ಬಿಟ್ ಪೂರ್ಣಾಂಕಕ್ಕೆ ‘ಇಂಟ್64-ಟಿ’, ಚಿಹ್ನೆಯಿಲ್ಲದ್ದಕ್ಕೆ ‘ಯುಇಂಟ್64-ಟಿ’, ಮೆಮೊರಿಯ ಅಳತೆಗೆ ‘ಸೈಜ್-ಟಿ’ ಇವೆ. ಇವು ಸ್ವಂತ ಟೈಪ್‌ಗಳಲ್ಲ, ಮೂಲ ಟೈಪ್‌ಗಳಿಗೆ ಇಟ್ಟ ಇನ್ನೊಂದು ಹೆಸರು ಮಾತ್ರ. 64 ಬಿಟ್ ಲಿನಕ್ಸ್‌ನಲ್ಲಿ ಇಂಟ್64-ಟಿ ಎಂದರೆ ಲಾಂಗ್. ವಿಂಡೋಸಿನಲ್ಲಿ ಅದು ಲಾಂಗ್ ಲಾಂಗ್. ಮ್ಯಾಕ್ ಓಎಸ್‌ನಲ್ಲಿ ಲಾಂಗ್ 64 ಬಿಟ್ ಆಗಿದ್ದರೂ ಇಂಟ್64-ಟಿ ಲಾಂಗ್ ಲಾಂಗೇ. ಆದರೆ ಅಲ್ಲಿನ ಸೈಜ್-ಟಿ ಮಾತ್ರ ಅನ್‌ಸೈನ್ಡ್ ಲಾಂಗ್.

ಇದರ ಫಲವನ್ನು ಹತ್ತಿರದಿಂದ ನೋಡಬೇಕು. ಫೈಲಿಗೆ ಸಂಖ್ಯೆ ಬರೆಯುವ ‘ಬರೆ’ ಎಂಬ ಫಂಕ್ಷನ್‌ಗೆ ಎರಡು ರೂಪಗಳಿವೆ ಎಂದಿಟ್ಟುಕೊಳ್ಳೋಣ: ಒಂದು ಯುಇಂಟ್32-ಟಿ ತೆಗೆದುಕೊಳ್ಳುತ್ತದೆ, ಇನ್ನೊಂದು ಯುಇಂಟ್64-ಟಿ. ಒಂದು ಪಟ್ಟಿಯಲ್ಲಿರುವ ಹೆಸರುಗಳ ಸಂಖ್ಯೆಯನ್ನು ‘ಬರೆ’ಗೆ ಕೊಟ್ಟರೆ ಆರ್ಗ್ಯುಮೆಂಟಿನ ಟೈಪ್ ಸೈಜ್-ಟಿ. ಲಿನಕ್ಸ್‌ನಲ್ಲಿ ಸೈಜ್-ಟಿ ಮತ್ತು ಯುಇಂಟ್64-ಟಿ ಎರಡೂ ಅನ್‌ಸೈನ್ಡ್ ಲಾಂಗ್ ಆಗಿರುವುದರಿಂದ ತದ್ವತ್ ಹೊಂದಿಕೆ. 64 ಬಿಟ್ ವಿಂಡೋಸಿನಲ್ಲಿ ಎರಡೂ ಅನ್‌ಸೈನ್ಡ್ ಲಾಂಗ್ ಲಾಂಗ್, ಅಲ್ಲೂ ಸರಿ. ಮ್ಯಾಕ್‌ನಲ್ಲಿ ಬಂದದ್ದು ಅನ್‌ಸೈನ್ಡ್ ಲಾಂಗ್, ಎದುರಿಗಿರುವುದು ಅನ್‌ಸೈನ್ಡ್ ಇಂಟ್ ಮತ್ತು ಅನ್‌ಸೈನ್ಡ್ ಲಾಂಗ್ ಲಾಂಗ್. ಎರಡಕ್ಕೂ ಕನ್ವರ್ಷನ್ ಬೇಕು, ಎರಡೂ ಸಮ, ಕರೆ ಬಿದ್ದುಹೋಗುತ್ತದೆ. ಎರಡು ಸಿಸ್ಟಂಗಳಲ್ಲಿ ಪರೀಕ್ಷೆಯಾಗಿ ಪಾಸಾದ ಕೋಡ್ ಮೂರನೆಯದರಲ್ಲಿ ನಿಲ್ಲುವುದು ಹೀಗೆ.

ಇಂಥಲ್ಲಿ ಮೊದಲು ಹೊಳೆಯುವ ಮದ್ದು ಸೈಜ್-ಟಿಗೆ ಇನ್ನೊಂದು ‘ಬರೆ’ ಸೇರಿಸುವುದು. ಮ್ಯಾಕ್‌ನಲ್ಲಿ ಅದು ಫಲಿಸುತ್ತದೆ. ಅದೇ ಕೋಡ್ ಲಿನಕ್ಸಿಗೆ ಮರಳಿದ ಕೂಡಲೇ ‘ಈ ಫಂಕ್ಷನ್ ಆಗಲೇ ಇದೆ’ ಎಂಬ ಎರರ್; ಅಲ್ಲಿ ಸೈಜ್-ಟಿ ಮತ್ತು ಯುಇಂಟ್64-ಟಿ ಒಂದೇ ತಾನೆ. ಆಮೇಲೆ ‘ಮ್ಯಾಕ್ ಆಗಿದ್ದರೆ ಮಾತ್ರ’ ಎಂಬ ಶರತ್ತು ಬೀಳುತ್ತದೆ. ಪೋರ್ಟ್ ಮಾಡಿದ ಹಳೆಯ ಕೋಡ್‌ಗಳಲ್ಲಿ ಈ ಬಗೆಯ ಶರತ್ತುಗಳ ರಾಶಿ ಕಂಡರೆ ಅದರ ಚರಿತ್ರೆಯನ್ನು ಸುಲಭವಾಗಿ ಊಹಿಸಬಹುದು. ಚಿಕ್ಕ ಉಪಕರಣಗಳ ಲೋಕದಲ್ಲಿ ಇನ್ನೊಂದು ವಿಚಿತ್ರವಿದೆ: ಎಆರ್‌ಎಂ ಚಿಪ್‌ಗಳಿಗೆ ಬಳಸುವ ನ್ಯೂಲಿಬ್ ಲೈಬ್ರರಿಯಲ್ಲಿ ಇಂಟ್32-ಟಿ ಎಂದರೆ ಲಾಂಗ್. 8, 16, 32 ಬಿಟ್‌ಗೆ ಮೂರು ರೂಪ ಬರೆದಿಟ್ಟು ಬರೀ ಇಂಟ್ ಕೊಟ್ಟರೆ ಮೂರರಲ್ಲಿ ಒಂದೂ ತದ್ವತ್ ಹೊಂದುವುದಿಲ್ಲ.

ಅಂದಹಾಗೆ, ಫಂಕ್ಷನ್‌ಗೆ ‘ಬರೆ’ ಎಂದು ಕನ್ನಡ ಲಿಪಿಯಲ್ಲೇ ಹೆಸರಿಡುವುದು ಕಲ್ಪನೆಯೇನಲ್ಲ. ಜಿಸಿಸಿ ಕಂಪೈಲರ್ 2020ರ 10ನೇ ಆವೃತ್ತಿಯಿಂದ ಯುಟಿಎಫ್-8ರಲ್ಲಿ ನೇರವಾಗಿ ಟೈಪಿಸಿದ ಇಂಥ ಹೆಸರುಗಳನ್ನು ಒಪ್ಪುತ್ತದೆ.

ಸಂಖ್ಯೆಗಳ ನಂತರದ ಎರಡನೇ ದೊಡ್ಡ ಕ್ಷೇತ್ರ ಅಕ್ಷರಗಳದ್ದು, ಕನ್ನಡದ ಕೆಲಸಕ್ಕೆ ನೇರವಾಗಿ ತಟ್ಟುವುದೂ ಇದೇ. ಚಾಮರಾಜನಗರ ಜಿಲ್ಲೆಯ ಹನೂರು ಸೀಮೆಯ ಬಂಡಳ್ಳಿ ಎಂಬ ಊರಿನ ಹೆಸರನ್ನೇ ತೆಗೆದುಕೊಳ್ಳಬಹುದು. ಓದುವ ಕಣ್ಣಿಗೆ ಅದರಲ್ಲಿ ಮೂರು ಅಕ್ಷರ: ಬಂ, ಡ, ಳ್ಳಿ. ಯುನಿಕೋಡ್ ಲೆಕ್ಕದಲ್ಲಿ ಏಳು ಸಂಕೇತ: ಬ, ಅನುಸ್ವಾರ, ಡ, ಳ, ವಿರಾಮ, ಮತ್ತೆ ಳ, ಕೊನೆಗೆ ಇಕಾರದ ಗುಡಿಸು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕಾದ್ದರಿಂದ ಒಟ್ಟು 21 ಬೈಟ್. ವಿಂಡೋಸಿನ ಅಗಲದ ಅಕ್ಷರವಾದ ಡಬ್ಲ್ಯುಚಾರ್-ಟಿ 16 ಬಿಟ್‌ನದು, ಅಲ್ಲಿ 14 ಬೈಟ್. ಲಿನಕ್ಸ್‌ನಲ್ಲಿ ಅದೇ ಟೈಪ್ 32 ಬಿಟ್‌ನದು, ಅಲ್ಲಿ 28.

ಆ 21 ಬೈಟ್‌ಗಳಲ್ಲಿ ಮೊದಲನೆಯದರ ಬೆಲೆ 224. ಅದನ್ನು ಚಾರ್ ಎಂಬ ಟೈಪ್‌ನಲ್ಲಿಟ್ಟರೆ, ಇಂಟೆಲ್ ಬಗೆಯ ಯಂತ್ರದ ಲಿನಕ್ಸ್‌ನಲ್ಲಿ ಚಾರ್‌ಗೆ ಚಿಹ್ನೆ ಇರುವುದರಿಂದ ಅದು ಮೈನಸ್ 32 ಆಗುತ್ತದೆ. ಎಆರ್‌ಎಂ ಯಂತ್ರದ ಲಿನಕ್ಸ್‌ನಲ್ಲಿ ಚಾರ್‌ಗೆ ಚಿಹ್ನೆ ಇಲ್ಲ. ಅಲ್ಲಿ 224 ಆಗಿಯೇ ಉಳಿಯುತ್ತದೆ. ಇಂಟ್ ತೆಗೆದುಕೊಳ್ಳುವ ಫಂಕ್ಷನ್‌ಗೆ ಈ ಬೈಟ್ ಕೊಟ್ಟರೆ ಎರಡೂ ಕಡೆ ಅದೇ ಫಂಕ್ಷನ್ ಆಯ್ಕೆಯಾಗುತ್ತದೆ, ಎರರ್ ಇಲ್ಲ, ಒಳಗೆ ಹೋದ ಸಂಖ್ಯೆ ಮಾತ್ರ ಬೇರೆ. ಇಂಗ್ಲಿಷ್ ಪಠ್ಯದ ಬೈಟ್‌ಗಳೆಲ್ಲ 128ಕ್ಕಿಂತ ಕಡಿಮೆ ಇರುವುದರಿಂದ ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿದವರಿಗೆ ಈ ದೋಷ ಕಾಣುವುದೇ ಇಲ್ಲ. ಕನ್ನಡ ಪಠ್ಯ ಹಾಕಿದ ಮೊದಲ ದಿನವೇ ಕಾಣುತ್ತದೆ. ಭಾಷೆಯ ದೃಷ್ಟಿಯಲ್ಲಿ ಚಾರ್, ಸೈನ್ಡ್ ಚಾರ್, ಅನ್‌ಸೈನ್ಡ್ ಚಾರ್ ಮೂರೂ ಪ್ರತ್ಯೇಕ ಟೈಪ್‌ಗಳು. ಕೊನೆಯ ಎರಡಕ್ಕೆ ಮಾತ್ರ ರೂಪ ಬರೆದಿಟ್ಟು ಬರೀ ಚಾರ್ ಕೊಟ್ಟರೆ ಅದು ಎಲ್ಲ ಸಿಸ್ಟಂಗಳಲ್ಲೂ ಗೊಂದಲವೇ. ಇಲ್ಲಿ ಎರರ್ ಬರುವುದು ಪುಣ್ಯ.

ಡಬ್ಲ್ಯುಚಾರ್-ಟಿಯ ಕಥೆ ಇನ್ನೂ ಉದ್ದ. ಮೈಕ್ರೋಸಾಫ್ಟಿನ ವಿಷುಯಲ್ ಸಿ++ 6ರಲ್ಲಿ ಅದು ಸ್ವತಂತ್ರ ಟೈಪೇ ಆಗಿರಲಿಲ್ಲ, ಅನ್‌ಸೈನ್ಡ್ ಶಾರ್ಟ್‌ನ ಅಡ್ಡಹೆಸರಾಗಿತ್ತು. 2005ರ ಆವೃತ್ತಿಯಿಂದ ಅದನ್ನು ಸ್ವತಂತ್ರ ಟೈಪ್ ಎಂದು ಕಾಣುವುದೇ ರೂಢಿಯಾಯಿತು. ಅಕ್ಷರಕ್ಕೊಂದು, 16 ಬಿಟ್ ಸಂಖ್ಯೆಗೊಂದು ಎಂದು ಎರಡು ರೂಪ ಬರೆದರೆ ಹಳೆಯದರಲ್ಲಿ ಪುನರುಕ್ತಿಯ ಎರರ್. ಒಂದೇ ರೂಪ ಬರೆದು ಬಿಟ್ಟ ಹಳೆಯ ಕೋಡ್ ಹೊಸದರಲ್ಲಿ ಹೊಂದದೆ ಬೀಳುತ್ತಿತ್ತು.

ಕನ್ನಡವೂ ಸೇರಿ ಜಗತ್ತಿನ ಭಾಷೆಗಳ ಅಕಾರಾದಿ ಜೋಡಣೆ, ಸಾಲು ಮುರಿಯುವ ಜಾಗ, ದಿನಾಂಕದ ರೂಪ ಇವನ್ನೆಲ್ಲ ನೋಡಿಕೊಳ್ಳುವ ಐಸಿಯು ಎಂಬ ಮುಕ್ತ ಲೈಬ್ರರಿ ಈ ಸಮಸ್ಯೆಯನ್ನು ಎದುರಿಸಿದ ಬಗೆ ಒಂದು ಪಾಠದಂತಿದೆ. ಅದರ 16 ಬಿಟ್ ಅಕ್ಷರದ ಟೈಪ್ ಮೊದಲು ಸಿಸ್ಟಂನಿಂದ ಸಿಸ್ಟಂಗೆ ಬದಲಾಗುತ್ತಿತ್ತು: ವಿಂಡೋಸಿನಲ್ಲಿ ಡಬ್ಲ್ಯುಚಾರ್-ಟಿ, ಉಳಿದ ಹಲವೆಡೆ 16 ಬಿಟ್ ಪೂರ್ಣಾಂಕ. 2011ರ ಸಿ++ ಮಾನಕ ಚಾರ್16-ಟಿ ಎಂಬ, ಎಲ್ಲೆಡೆ ಪ್ರತ್ಯೇಕವಾಗಿ ಉಳಿಯುವ ಹೊಸ ಟೈಪ್ ತಂದಿತು. 2017ರ 59ನೇ ಆವೃತ್ತಿಯಲ್ಲಿ ಐಸಿಯು ತನ್ನ ಸಿ++ ಭಾಗವನ್ನು ಪೂರ್ತಿ ಅದಕ್ಕೆ ಬದಲಿಸಿತು. ಹಳೆಯ ಬಳಕೆದಾರರ ಕೋಡ್ ಮುರಿಯಬಾರದೆಂದು ಅದರ ಸ್ಟ್ರಿಂಗ್ ಕ್ಲಾಸಿಗೆ 16 ಬಿಟ್ ಪೂರ್ಣಾಂಕದ ಪಾಯಿಂಟರ್‌ಗೆ ಒಂದು ಕನ್‌ಸ್ಟ್ರಕ್ಟರ್ ಸೇರಿತು, ಡಬ್ಲ್ಯುಚಾರ್-ಟಿ 16 ಬಿಟ್ ಇರುವ ಕಡೆ ಅದಕ್ಕೂ ಒಂದು. ಹೀಗೆ ಪಾಯಿಂಟರ್‌ಗಳ ರೂಪ ಮೂರಾದ ಮೇಲೆ ‘ಏನೂ ಇಲ್ಲ’ ಎನ್ನುವ ನಲ್‌ಪಿಟಿಆರ್ ಕೊಟ್ಟರೆ ಮೂರೂ ಸಮ! ಅದಕ್ಕಾಗಿಯೇ ನಲ್‌ಪಿಟಿಆರ್ ಟೈಪ್‌ಗೆಂದೇ ಇನ್ನೊಂದು ಕನ್‌ಸ್ಟ್ರಕ್ಟರ್ ಇಡಬೇಕಾಯಿತು. ಒಂದು ಗೊಂದಲ ಬಿಡಿಸಲು ಸೇರಿಸಿದ ರೂಪ ಮತ್ತೊಂದನ್ನು ಹುಟ್ಟಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ. ಕನ್ನಡದಲ್ಲೂ ದೊರೆಯುವ ಲಿಬ್ರೆಆಫೀಸ್ ಕೂಡ ಇದೇ ದಾರಿ ಹಿಡಿದು ಚಾರ್16-ಟಿಗೆ ಬಂದಿತು. ವಿಂಡೋಸಿನ ಫಂಕ್ಷನ್‌ಗಳಿಗೆ ಪಠ್ಯ ದಾಟಿಸುವ ಗಡಿಯಲ್ಲಿ ಮಾತ್ರ ಟೈಪ್ ಬದಲಿಸುವ ಎರಡು ಪುಟ್ಟ ಫಂಕ್ಷನ್‌ಗಳನ್ನು ಇಟ್ಟುಕೊಂಡಿತು.

ಶೂನ್ಯ ಪಾಯಿಂಟರ್‌ನ ವಿಷಯ ಅದಕ್ಕೂ ಹಳೆಯದು. ನಲ್ ಎಂಬ ಮ್ಯಾಕ್ರೋ ಮೈಕ್ರೋಸಾಫ್ಟ್ ಕಂಪೈಲರ್‌ನಲ್ಲಿ ಬರೀ 0. ಇಂಟ್‌ಗೊಂದು, ಪಾಯಿಂಟರ್‌ಗೊಂದು ರೂಪವಿದ್ದು ನಲ್ ಕೊಟ್ಟರೆ ಅಲ್ಲಿ ಸದ್ದಿಲ್ಲದೆ ಇಂಟ್ ರೂಪ ಓಡುತ್ತದೆ. 64 ಬಿಟ್ ಲಿನಕ್ಸ್‌ನ ಜಿಸಿಸಿ ಪಾಯಿಂಟರ್‌ನಷ್ಟೇ ಅಗಲದ ವಿಶೇಷ ಸಂಕೇತ ಬಳಸುವುದರಿಂದ ಅದೇ ಕರೆ ಗೊಂದಲದ ಎರರ್ ಆಗುತ್ತದೆ. ವಿಂಡೋಸಿನಿಂದ ಲಿನಕ್ಸಿಗೆ ಬಂದವರು ಇದನ್ನು ಜಿಸಿಸಿಯ ಕಿರಿಕಿರಿ ಎಂದುಕೊಳ್ಳುವುದುಂಟು. ನಿಜದಲ್ಲಿ ವರ್ಷಗಳಿಂದ ತಪ್ಪು ಫಂಕ್ಷನ್ ಓಡುತ್ತಿತ್ತು ಎಂಬ ಸುದ್ದಿ ಅದು. ನಲ್ ಬದಲು ನಲ್‌ಪಿಟಿಆರ್ ಬರೆದರೆ ವ್ಯಾಜ್ಯ ಮುಗಿಯುತ್ತದೆ.

ಗಣಿತದ ಫಂಕ್ಷನ್‌ಗಳಲ್ಲಿ ದೋಷ ಲೈಬ್ರರಿಯದ್ದು. 1998ರ ಮಾನಕದಲ್ಲಿ ವರ್ಗಮೂಲಕ್ಕೆ ಫ್ಲೋಟ್, ಡಬಲ್, ಲಾಂಗ್ ಡಬಲ್ ಎಂಬ ಮೂರೇ ರೂಪಗಳಿದ್ದವು. ಪೂರ್ಣಾಂಕ ಕೊಟ್ಟರೆ ಮೂರೂ ಸಮ. ವಿಷುಯಲ್ ಸಿ++ 2005 ಮತ್ತು 2008 ನಿಯಮದಂತೆ ಎರರ್ ಕೊಡುತ್ತಿದ್ದವು; ಜಿಸಿಸಿ ಪೂರ್ಣಾಂಕವನ್ನು ತಾನೇ ಡಬಲ್ ಮಾಡಿಕೊಂಡು ಮುಂದುವರಿಯುತ್ತಿತ್ತು. 2011ರ ಮಾನಕ ಜಿಸಿಸಿಯ ಔದಾರ್ಯವನ್ನೇ ನಿಯಮವನ್ನಾಗಿ ಮಾಡಿತು. ಸಂಖ್ಯೆಯನ್ನು ಪಠ್ಯವಾಗಿಸುವ ಟು-ಸ್ಟ್ರಿಂಗ್ ಎಂಬ ಫಂಕ್ಷನ್‌ಗೆ ಆ ಮಾನಕ ಒಂಬತ್ತು ರೂಪಗಳನ್ನು ಕೇಳಿತ್ತು. ವಿಷುಯಲ್ ಸಿ++ 2010ರಲ್ಲಿ ಬಂದದ್ದು ಮೂರು ಮಾತ್ರ, ಮೂರೂ ಅತಿ ಅಗಲದವು. ಹಾಗಾಗಿ ಒಂದು ಸಾದಾ ಇಂಟ್ ಕೊಟ್ಟರೂ ಗೊಂದಲ. ಆ ಕಾಲದ ಕೋಡ್‌ನಲ್ಲಿ ಟು-ಸ್ಟ್ರಿಂಗ್ ಪಕ್ಕದಲ್ಲಿ ಇಂಟ್‌ನಿಂದ ಲಾಂಗ್ ಲಾಂಗ್‌ಗೆ ಕಾರಣವಿಲ್ಲದಂತೆ ತೋರುವ ಕಾಸ್ಟ್‌ಗಳು ಇಂದಿಗೂ ಸಿಗುತ್ತವೆ.

ನಿರಪೇಕ್ಷ ಬೆಲೆ ಕೊಡುವ ಆಬ್ಸ್ ಹೆಚ್ಚು ಅಪಾಯಕಾರಿ. ಹಳೆಯ ಜಿಸಿಸಿಯಲ್ಲಿ ‘ಸ್ಟ್ಯಾಂಡರ್ಡ್’ ನೇಮ್‌ಸ್ಪೇಸ್ ಹೇಳದೆ ಬರೀ ಆಬ್ಸ್ ಎಂದು ಕರೆದರೆ ಸಿ ಭಾಷೆಯ ಇಂಟ್ ರೂಪ ಮಾತ್ರ ಸಿಗುತ್ತಿತ್ತು. ಮೈನಸ್ 2.5 ಕೊಟ್ಟರೆ 2 ಬರುತ್ತಿತ್ತು. ವಿಂಡೋಸಿನಲ್ಲಿ ಎಲ್ಲ ರೂಪಗಳೂ ಹೊರಗೇ ಸಿಗುತ್ತಿದ್ದುದರಿಂದ 2.5 ಬರುತ್ತಿತ್ತು. ಕಂಪೈಲರ್ ಎರಡೂ ಕಡೆ ಮೌನ.

ಹೀಗೆ ಮೌನವಾಗಿ ಕೆಡುವುದಕ್ಕೆ ಬೈಂಡ್ ಇನ್ನೊಂದು ಸಾಕ್ಷಿ. ಸಾಕೆಟ್‌ಗೆ ವಿಳಾಸ ಕಟ್ಟುವ ಯುನಿಕ್ಸ್ ಫಂಕ್ಷನ್‌ನ ಹೆಸರು ಬೈಂಡ್. 2011ರಲ್ಲಿ ಸಿ++ ಲೈಬ್ರರಿಗೂ ಬೈಂಡ್ ಎಂಬ ಟೆಂಪ್ಲೇಟ್ ಬಂತು, ಅದು ಏನನ್ನು ಕೊಟ್ಟರೂ ಸ್ವೀಕರಿಸುತ್ತದೆ. ಫೈಲಿನ ತಲೆಯಲ್ಲಿ ‘ಯೂಸಿಂಗ್ ನೇಮ್‌ಸ್ಪೇಸ್ ಸ್ಟ್ಯಾಂಡರ್ಡ್’ ಬರೆದಿದ್ದರೆ, ಟೈಪ್‌ಗಳು ಚೂರು ಹೆಚ್ಚುಕಡಿಮೆ ಇದ್ದಾಗ ಟೆಂಪ್ಲೇಟೇ ಹೆಚ್ಚು ಹೊಂದುವುದಾಗಿ ಗೆಲ್ಲುತ್ತದೆ. ಫಲಿತಾಂಶವನ್ನು ಯಾರೂ ಪರೀಕ್ಷಿಸದಿದ್ದರೆ ಪ್ರೋಗ್ರಾಂ ಕಂಪೈಲ್ ಆಗಿ ಓಡುತ್ತದೆ, ಸಾಕೆಟ್ ಮಾತ್ರ ಎಲ್ಲಿಗೂ ಕಟ್ಟಿಕೊಂಡಿರುವುದಿಲ್ಲ. ಹೆಸರಿನ ಮುಂದೆ ಎರಡು ಕೋಲನ್ ಹಾಕಿ ‘ಹೊರಗಿನದೇ ಬೇಕು’ ಎಂದು ಹೇಳುವುದು ಇದರ ಪರಿಹಾರ. 2017ರ ಮಾನಕ ತಂದ ‘ಬೈಟ್’ ಎಂಬ ಟೈಪ್ ವಿಂಡೋಸ್ ಹೆಡರ್‌ನ ಅದೇ ಹೆಸರಿನೊಂದಿಗೆ ಡಿಕ್ಕಿಯಾಗುವುದೂ ಇದೇ ‘ಯೂಸಿಂಗ್’ ಸಾಲಿನ ಕೊಡುಗೆ. ವಿಂಡೋಸ್ ಹೆಡರ್ ‘ಮಿನ್’, ‘ಮ್ಯಾಕ್ಸ್’ ಎಂಬ ಹೆಸರುಗಳನ್ನು ಮ್ಯಾಕ್ರೋ ಮಾಡಿಕೊಂಡಿರುವುದರಿಂದ ಅಲ್ಲಿ ಓವರ್‌ಲೋಡ್ ಆಯ್ಕೆಯ ಹಂತವೇ ಬರುವುದಿಲ್ಲ. ‘ನೋಮಿನ್‌ಮ್ಯಾಕ್ಸ್’ ಎಂದು ಮೊದಲೇ ಘೋಷಿಸಬೇಕು.

ಇನ್ನು ಪರಿಹಾರಗಳು. ಕರೆಯುವ ಜಾಗದಲ್ಲಿ ಕಾಸ್ಟ್ ಹಾಕುವುದು ಎಲ್ಲರೂ ಮೊದಲು ಮಾಡುವ ಕೆಲಸ. ಒಂದೆರಡು ಕಡೆಯಾದರೆ ಅದಕ್ಕೆ ಅಡ್ಡಿಯಿಲ್ಲ. ಎರರ್ ಹೋಗಲಿ ಎಂದು ಸೈಜ್-ಟಿಯನ್ನು ಇಂಟ್‌ಗೆ ಕಾಸ್ಟ್ ಮಾಡಿದರೆ ಮಾತ್ರ, ಕಂಪೈಲ್ ಹೊತ್ತಿನಲ್ಲಿ ಸಿಕ್ಕಿದ್ದ ದೋಷವನ್ನು ಎರಡು ಗಿಗಾಬೈಟ್ ದಾಟಿದ ಫೈಲ್ ಬರುವ ತನಕ ಅಡಗಿಸಿಟ್ಟಂತೆ. ಕಾಸ್ಟ್ ಮಾಡುವುದಿದ್ದರೆ ಅಗಲದ ಕಡೆಗೇ ಮಾಡಬೇಕು.

ಪೂರ್ಣಾಂಕಗಳಿಗೆ ಓವರ್‌ಲೋಡ್ ಬೇಕೇ ಬೇಕೆಂದಾದರೆ ಅಡ್ಡಹೆಸರುಗಳನ್ನು ಬಿಟ್ಟು ಮೂಲ ಟೈಪ್‌ಗಳ ಮೇಲೆ, ಒಂದನ್ನೂ ಬಿಡದೆ ಬರೆಯುವುದು ಒಳ್ಳೆಯ ದಾರಿ: ಇಂಟ್, ಲಾಂಗ್, ಲಾಂಗ್ ಲಾಂಗ್, ಈ ಮೂರರ ಅನ್‌ಸೈನ್ಡ್ ರೂಪಗಳು. ಈ ಆರಿದ್ದರೆ ಯಾವ ಸಿಸ್ಟಂ ಯಾವ ಅಡ್ಡಹೆಸರನ್ನು ಯಾವುದಕ್ಕೆ ಕಟ್ಟಿದರೂ ತದ್ವತ್ತಾಗಿಯೋ ಪ್ರಮೋಷನ್‌ನಿಂದಲೋ ಹೊಂದುವ ಒಂದು ಸಿಕ್ಕೇ ಸಿಗುತ್ತದೆ, ಪುನರುಕ್ತಿಯೂ ಆಗದು. ಸಿ++ನ ಔಟ್‌ಪುಟ್ ಸ್ಟ್ರೀಮ್, ಕ್ಯುಟಿ ಲೈಬ್ರರಿಯ ಸ್ಟ್ರಿಂಗ್ ಕ್ಲಾಸ್, ಲಿಬ್ರೆಆಫೀಸ್‌ನ ಸಂಖ್ಯೆಯಿಂದ ಪಠ್ಯ ಮಾಡುವ ಫಂಕ್ಷನ್ ಎಲ್ಲವೂ ಹೀಗೇ ಇವೆ. ಆರು ಸಲ ಬರೆಯುವ ಬೇಸರ ಬೇಡವೆಂದರೆ ಒಂದೇ ಟೆಂಪ್ಲೇಟ್ ಬರೆದು ‘ಪೂರ್ಣಾಂಕಕ್ಕೆ ಮಾತ್ರ’ ಎಂಬ ಕಟ್ಟು ಹಾಕಬಹುದು; 2020ರ ಮಾನಕದ ಕಾನ್ಸೆಪ್ಟ್‌ಗಳಿಂದ ಇದು ಒಂದು ಸಾಲಿನ ಕೆಲಸ. ಬೇಡವಾದ ಟೈಪ್‌ಗಳ ರೂಪವನ್ನು ‘ಡಿಲೀಟ್’ ಎಂದು ಘೋಷಿಸಿ ಬಾಗಿಲು ಮುಚ್ಚುವುದೂ ಸಾಧ್ಯ.

ಫೈಲಿಗೆ ಅಥವಾ ನೆಟ್‌ವರ್ಕಿಗೆ ಬರೆಯುವ ಕಡೆ ಓವರ್‌ಲೋಡೇ ಬೇಡ ಎಂಬುದು ಹೆಚ್ಚು ಗಟ್ಟಿಯಾದ ನಿಲುವು. ಎಷ್ಟು ಬೈಟ್ ಹೋಗಬೇಕೆಂಬುದು ಫೈಲ್ ರಚನೆಯ ನಿರ್ಧಾರ, ಆರ್ಗ್ಯುಮೆಂಟಿನ ಟೈಪ್‌ಗೆ ಅದನ್ನು ಬಿಟ್ಟುಕೊಡಬಾರದು. ‘ಬರೆ32’, ‘ಬರೆ64’ ಎಂದು ಎರಡು ಹೆಸರಿಟ್ಟರೆ ಓದುವವನಿಗೂ ಕಂಪೈಲರ್‌ಗೂ ಸಂಶಯವಿಲ್ಲ. ಅರ್ಥ ಬೇರೆಯಾಗಿದ್ದು ಒಳಗಿನ ಸಂಖ್ಯೆ ಒಂದೇ ಬಗೆಯದಾದಾಗ ಪ್ರತ್ಯೇಕ ಟೈಪ್ ಕಟ್ಟಿಕೊಳ್ಳುವುದು ಲೇಸು. ಕೊಳ್ಳೇಗಾಲ ಸೀಮೆಯ ರೇಷ್ಮೆಗೂಡಿನ ವಹಿವಾಟಿಗೆ ಒಂದು ಪ್ರೋಗ್ರಾಂ ಬರೆಯುವುದಾದರೆ ತೂಕ ಗ್ರಾಂನಲ್ಲೂ ಬೆಲೆ ಪೈಸೆಯಲ್ಲೂ ಪೂರ್ಣಾಂಕಗಳೇ. ಎರಡನ್ನೂ ಇಂಟ್64-ಟಿ ಎಂದಿಟ್ಟರೆ ‘ಮುದ್ರಿಸು’ ಎಂಬ ಫಂಕ್ಷನ್‌ಗೆ ಎರಡು ರೂಪ ಬರೆಯಲು ಬರುವುದಿಲ್ಲ. ಒಂದನ್ನು ಇಂಟ್64-ಟಿ, ಇನ್ನೊಂದನ್ನು ಲಾಂಗ್ ಲಾಂಗ್ ಎಂದಿಟ್ಟು ಲಿನಕ್ಸ್‌ನಲ್ಲಿ ಪಾರಾದ ಜಾಣತನ ವಿಂಡೋಸಿನಲ್ಲಿ ಬಯಲಾಗುತ್ತದೆ. ‘ತೂಕ’, ‘ಬೆಲೆ’ ಎಂಬ ಎರಡು ಪುಟ್ಟ ಸ್ಟ್ರಕ್ಟ್‌ಗಳು ಸಾಕು. ಕನ್‌ಸ್ಟ್ರಕ್ಟರನ್ನು ‘ಎಕ್ಸ್‌ಪ್ಲಿಸಿಟ್’ ಮಾಡಿದರೆ ಬರೀ ಸಂಖ್ಯೆ ತಾನಾಗಿ ಬೆಲೆಯಾಗುವುದೂ ತಪ್ಪುತ್ತದೆ.

ಓವರ್‌ಲೋಡ್ ಇಲ್ಲಿ ಯಾವಾಗಲೂ ಅಪರಾಧಿ ಅಲ್ಲ, ಕೆಲವು ಸಲ ಅದೇ ವೈದ್ಯ. ಎರರ್ ಸಂಖ್ಯೆಗೆ ವಿವರಣೆ ಕೊಡುವ ಸ್ಟ್ರ್‌ಎರರ್-ಆರ್ ಎಂಬ ಫಂಕ್ಷನ್ ಗ್ನೂ ಲೈಬ್ರರಿಯಲ್ಲಿ ಪಠ್ಯದ ಪಾಯಿಂಟರ್ ಹಿಂತಿರುಗಿಸುತ್ತದೆ, ಮ್ಯಾಕ್‌ನಲ್ಲಿ ಇಂಟ್. ಯಾವ ಸಿಸ್ಟಂ ಎಂದು ಶರತ್ತು ಬರೆಯುತ್ತ ಕೂರುವ ಬದಲು, ಇಂಟ್ ಪಡೆಯುವುದೊಂದು, ಪಾಯಿಂಟರ್ ಪಡೆಯುವುದೊಂದು ಎಂದು ಒಂದೇ ಹೆಸರಿನ ಎರಡು ಸಹಾಯಕ ಫಂಕ್ಷನ್ ಬರೆದು ಫಲಿತಾಂಶವನ್ನು ಅದಕ್ಕೆ ಕೊಟ್ಟರೆ ಕಂಪೈಲರೇ ಸರಿಯಾದುದನ್ನು ಆರಿಸುತ್ತದೆ. ಪಠ್ಯದ ಸಂಕೇತ ಬದಲಿಸುವ ಐಕಾನ್ವ್‌ನ ಎರಡನೇ ಆರ್ಗ್ಯುಮೆಂಟ್ ಕೆಲವು ಸಿಸ್ಟಂಗಳಲ್ಲಿ ‘ಕಾನ್ಸ್ಟ್’ ಸಹಿತ, ಕೆಲವುಗಳಲ್ಲಿ ರಹಿತ. ಎರಡೂ ಟೈಪ್‌ಗೆ ಬದಲಾಗಬಲ್ಲ ಒಂದು ಸಣ್ಣ ಕ್ಲಾಸ್ ಅದನ್ನೂ ಹೀಗೇ ನಿಭಾಯಿಸುತ್ತದೆ.

ಜಾವಾದಲ್ಲಿ ಇಂಟ್ 32, ಲಾಂಗ್ 64 ಎಂದು ಭಾಷೆಯೇ ಗೊತ್ತುಮಾಡಿರುವುದರಿಂದ ಈ ತೊಂದರೆಯ ಬಹುಭಾಗ ಅಲ್ಲಿ ಹುಟ್ಟುವುದಿಲ್ಲ. ಗೋ ಭಾಷೆಯಲ್ಲಿ ಓವರ್‌ಲೋಡಿಂಗೇ ಇಲ್ಲ. ಸಿ ಭಾಷೆ 2011ರಲ್ಲಿ ‘ಜನೆರಿಕ್’ ಎಂಬ ಆಯ್ಕೆಯ ಸೌಲಭ್ಯ ತಂದುಕೊಂಡಾಗ ಸೈಜ್-ಟಿ ಮತ್ತು ಯುಇಂಟ್64-ಟಿ ಎರಡನ್ನೂ ಪಟ್ಟಿಯಲ್ಲಿಟ್ಟವರಿಗೆ ಸಿ++ನ ಪುನರುಕ್ತಿಯ ಎರರೇ ಎದುರಾಯಿತು.

ಮೂರೂ ಸಿಸ್ಟಂಗಳ ಯಂತ್ರ ಕೈಯಲ್ಲಿಲ್ಲದಿದ್ದರೂ ಹೆಚ್ಚಿನದನ್ನು ಮೊದಲೇ ಪತ್ತೆ ಮಾಡಬಹುದು. ಲಿನಕ್ಸ್‌ನಲ್ಲೇ ಓಡುವ ಮಿಂಗ್‌ಡಬ್ಲ್ಯು ಕಂಪೈಲರ್ ವಿಂಡೋಸಿನ ಟೈಪ್ ಅಳತೆಗಳನ್ನು ಬಳಸುವುದರಿಂದ ಲಾಂಗ್‌ಗೆ ಸಂಬಂಧಿಸಿದ ಗೊಂದಲಗಳು ಅದರಲ್ಲೇ ಹೊರಬೀಳುತ್ತವೆ. 32 ಬಿಟ್‌ಗೆ ಒಮ್ಮೆ ಕಂಪೈಲ್ ಮಾಡಿದರೆ ಸೈಜ್-ಟಿಯ ಇನ್ನೊಂದು ಮುಖ ಕಾಣುತ್ತದೆ. ಜಿಸಿಸಿಗೆ ‘ಚಾರ್‌ಗೆ ಚಿಹ್ನೆ ಬೇಡ’ ಎಂಬ ಆಯ್ಕೆ ಕೊಟ್ಟು ಕನ್ನಡ ಪಠ್ಯದ ಮೇಲೆ ಪ್ರೋಗ್ರಾಂ ಓಡಿಸಿದರೆ, ಇಂಟೆಲ್ ಲ್ಯಾಪ್‌ಟಾಪಿನಲ್ಲೇ ಎಆರ್‌ಎಂನ ಚಾರ್ ವರ್ತನೆಯನ್ನು ಪರೀಕ್ಷಿಸಬಹುದು. ಮ್ಯಾಕ್‌ನ ಸೈಜ್-ಟಿ ಸಮಸ್ಯೆಗೆ ಮಾತ್ರ ಇಂಥ ಸುಲಭದ ಆಯ್ಕೆ ಇಲ್ಲ. ಅದನ್ನು ಮ್ಯಾಕ್‌ನಲ್ಲೇ ಕಂಪೈಲ್ ಮಾಡಿ ನೋಡಬೇಕು.